ಒಂದು ಲಾಗಿನ್‌ನಲ್ಲಿ ಓಡುವ ಫಂಕ್ಷನ್‌ಗೆ ಇನ್ನೊಂದರಲ್ಲಿ ಟೇಬಲ್ ಯಾಕೆ ಸಿಗುವುದಿಲ್ಲ?

ನಿಮ್ಮ ತೊಂದರೆ ಇದು: ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದೇ. ಚಿಕ್ಕಮಗಳೂರು ಆಫೀಸಿನ ಲಾಗಿನ್‌ನಲ್ಲಿ ಫಂಕ್ಷನ್ ಸರಿಯಾಗಿ ಓಡುತ್ತದೆ. ಹಾಸನದ ಲಾಗಿನ್‌ನಲ್ಲಿ ಮಾತ್ರ ‘ಕಾಫಿ_ತೂಕ’ ಟೇಬಲ್ ಇಲ್ಲ ಅನ್ನುತ್ತದೆ.

ಗಾಬರಿ ಬೇಡ, ಟೇಬಲ್ ಎಲ್ಲೂ ಹೋಗಿಲ್ಲ. ಜಾಸ್ತಿ ಸಲ ಇದು ಸರ್ಚ್ ಪಾತ್ ತೊಂದರೆ, ಅಂದರೆ ಟೇಬಲ್‌ಗಾಗಿ ಯಾವ ಯಾವ ಸ್ಕೀಮಾ (ಡೇಟಾಬೇಸ್ ಒಳಗೆ ಟೇಬಲ್‌ಗಳನ್ನು ಇಡುವ ವಿಭಾಗ) ಹುಡುಕಬೇಕು ಅನ್ನೋ ಪಟ್ಟಿಯ ತೊಂದರೆ. ಫಂಕ್ಷನ್ ಒಳಗೆ ಬರೀ ಟೇಬಲ್ ಹೆಸರಿದ್ದರೆ, ಅದನ್ನು ಯಾವ ಸ್ಕೀಮಾದಲ್ಲಿ ಹುಡುಕಬೇಕು ಅನ್ನೋದನ್ನು ಫಂಕ್ಷನ್ ಕರೆದ ಕನೆಕ್ಷನ್ ತೀರ್ಮಾನಿಸುತ್ತದೆ, ಬರೆದವರಲ್ಲ. ಮೊದಲೇ ಇರುವ ಸೆಟ್ಟಿಂಗ್ ಪ್ರಕಾರ ಯೂಸರ್ ಹೆಸರಿನ ಸ್ಕೀಮಾ ಮೊದಲು, ಆಮೇಲೆ ‘ಪಬ್ಲಿಕ್’ ಅನ್ನೋ ಸ್ಕೀಮಾ. ಟೇಬಲ್ ಚಿಕ್ಕಮಗಳೂರು ಯೂಸರ್‌ನ ಸ್ಕೀಮಾದಲ್ಲಿದ್ದರೆ ಹಾಸನದವರಿಗೆ ಸಿಗೋದು ಹೇಗೆ, ಅಲ್ವಾ?

‘ಶೋ ಸರ್ಚ್_ಪಾತ್’ ಎರಡೂ ಕಡೆ ಒಂದೇ ಉತ್ತರ ಕೊಡಬಹುದು. ಅದನ್ನು ನಂಬಿ ಕೂರಬೇಡಿ. ಅದರಲ್ಲಿರುವ ‘ಯೂಸರ್’ ಅನ್ನೋದು ಲಾಗಿನ್ ಬದಲಾದಂತೆ ಬದಲಾಗುತ್ತದೆ. ‘ಕರೆಂಟ್_ಸ್ಕೀಮಾಸ್’ ಫಂಕ್ಷನ್ ಓಡಿಸಿದರೆ ನಿಜವಾಗಿ ಹುಡುಕುವ ಸ್ಕೀಮಾಗಳು ಕಾಣುತ್ತವೆ.

ಪರಿಹಾರಕ್ಕೆ, ‘ಆಲ್ಟರ್ ಫಂಕ್ಷನ್’ ಜೊತೆ ‘ಸೆಟ್ ಸರ್ಚ್_ಪಾತ್’ ಕೊಟ್ಟು ಫಂಕ್ಷನ್‌ಗೇ ಸ್ಕೀಮಾ ಗೊತ್ತುಮಾಡಿ. ಟೇಬಲ್ ಹೆಸರಿಗೆ ಮೊದಲು ಸ್ಕೀಮಾ ಹೆಸರು, ಚುಕ್ಕೆ ಸೇರಿಸಿದರೂ ಸರಿ. ಹಾಸನದ ಯೂಸರ್‌ಗೆ ಆ ಸ್ಕೀಮಾ ಬಳಸುವ (ಯೂಸೇಜ್) ಅನುಮತಿಯನ್ನೂ ಟೇಬಲ್ ಓದುವ ಅನುಮತಿಯನ್ನೂ ಕೊಡಿ. ಇಲ್ಲದಿದ್ದರೆ ಪಾತ್ ಸರಿಯಿದ್ದರೂ ಫಂಕ್ಷನ್ ಓಡುವುದಿಲ್ಲ.

ಅದು ಟೆಂಪ್ (ತಾತ್ಕಾಲಿಕ) ಟೇಬಲ್ ಆಗಿದ್ದರೆ ಕಥೆ ಬೇರೆ. ಅದು ಹುಟ್ಟಿದ ಸೆಷನ್‌ಗೆ, ಅಂದರೆ ಆ ಒಂದು ಕನೆಕ್ಷನ್‌ಗೆ ಮಾತ್ರ ಸಿಗುತ್ತದೆ.