ಕೈಯಲ್ಲಿ ಆಫರ್ ಲೆಟರ್, ಎದುರಿಗೆ ಎಂ.ಟೆಕ್ ಸೀಟು

ಓದುಗರ ಪತ್ರ: ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದೇನೆ. ಕ್ಯಾಂಪಸ್‌ನಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ವರ್ಷಕ್ಕೆ 14 ಲಕ್ಷದ ಕೆಲಸ ಸಿಕ್ಕಿದೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದಿದ್ದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಚಿಪ್ ವಿನ್ಯಾಸದ ಎಂ.ಟೆಕ್‌ಗೂ ಸೀಟು ಬಂದಿದೆ. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್, ನಿವೃತ್ತಿಗೆ ಇನ್ನು ಎರಡು ವರ್ಷ. ತಮ್ಮ ಸೆಕೆಂಡ್ ಪಿಯು. ನನ್ನ ಓದಿನ ಸಾಲ ನಾಲ್ಕೂವರೆ ಲಕ್ಷ ಇದೆ. ಅಮ್ಮ ಕೆಲಸಕ್ಕೆ ಸೇರು ಅಂತಾರೆ, ನಮ್ಮ ಲೆಕ್ಚರರ್ ಸೀಟು ಬಿಡಬೇಡ ಅಂತಾರೆ. ಏನು ಮಾಡಲಿ?
— ಹೆಸರು ಬೇಡ, ಕಡೂರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಮೂರು ಪುಟ ಇತ್ತು. ಜಾಗ ಸಾಲದೆ ಚಿಕ್ಕದು ಮಾಡಿದ್ದೇವೆ. ಆ ಮೂರು ಪುಟದಲ್ಲಿ ಕೆಲಸದ ಬಗ್ಗೆ ಇದ್ದದ್ದು ನಾಲ್ಕೇ ಸಾಲು, ನಾಲ್ಕೂ ಸಂಬಳದ ಮಾತು. ಪ್ರಾಜೆಕ್ಟ್ ಬಗ್ಗೆ ಮಾತ್ರ ಪುಟ ತುಂಬಾ ಬರೆದಿದ್ದೀರಿ. ಎಫ್‌ಪಿಜಿಎ, ಅಂದರೆ ಬೇಕಾದ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್‌ನ ಬೋರ್ಡ್ ಮೇಲೆ ನೀವು ಮಾಡಿದ ಪುಟ್ಟ ಪ್ರೊಸೆಸರ್ 50 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಓಡುತ್ತಿತ್ತು. 100ಕ್ಕೆ ಏರಿಸಿದರೆ ತಪ್ಪು ಉತ್ತರ ಕೊಡುತ್ತಿತ್ತು. ಗುಣಾಕಾರ ಮಾಡುವ ಭಾಗದಲ್ಲಿ ಸಿಗ್ನಲ್ ಹೋಗುವ ದಾರಿ ಉದ್ದ ಆಗಿದೆ, ಒಂದು ಕ್ಲಾಕ್, ಅಂದರೆ ಪ್ರೊಸೆಸರ್‌ನ ಒಂದು ಮಿಡಿತ, ಮುಗಿಯುವಷ್ಟರಲ್ಲಿ ಅದು ತಲುಪುತ್ತಿಲ್ಲ ಅಂತ ನೀವೇ ಹುಡುಕಿ ತೆಗೆದಿರಿ. ನಡುವೆ ಸಿಗ್ನಲ್ ಅನ್ನು ಮುಂದಿನ ಕ್ಲಾಕ್‌ವರೆಗೆ ಹಿಡಿದಿಡುವ ಒಂದು ರಿಜಿಸ್ಟರ್ ಹಾಕಿ ದಾರಿಯನ್ನು ಎರಡು ತುಂಡು ಮಾಡಿದಿರಿ, ಸರಿಹೋಯಿತು. ಅದನ್ನು ಓದುವಾಗ ನಿಮ್ಮ ಖುಷಿ ನನಗೂ ತಟ್ಟಿತು. ಸುಮ್ನೆ ಸುತ್ತಿಬಳಸಿ ಹೇಳುವುದಿಲ್ಲ. ಎಂ.ಟೆಕ್‌ಗೆ ಸೇರಿಕೊಳ್ಳಿ.

ಆದರೆ ಅಮ್ಮನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರಿಗೆ ಲೆಕ್ಕ ತೋರಿಸಬೇಕು. ಆಫರ್ ಲೆಟರ್‌ನಲ್ಲಿ 14 ಲಕ್ಷ ಅಂತ ಇದ್ದರೂ ನೀವೇ ಬರೆದ ಹಾಗೆ ಖಾಯಂ ಸಂಬಳ 10 ಲಕ್ಷ. ಉಳಿದದ್ದು ಜಾಯ್ನಿಂಗ್ ಬೋನಸ್, ವರ್ಷದ ಕೊನೆಗೆ ಕಂಪನಿ ಮನಸ್ಸು ಮಾಡಿದರೆ ಬರುವ ಹಣ, ಗ್ರಾಚ್ಯುಟಿ, ವಿಮೆ. ಪಿಎಫ್ ಕಡಿತವಾಗಿ ಕೈಗೆ ಬರುವುದು ತಿಂಗಳಿಗೆ ಸುಮಾರು 78 ಸಾವಿರ. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಅಂತ 30 ಸಾವಿರ ಹೋಗಲಿ. ಉಳಿಯುವ 48 ಸಾವಿರವನ್ನು ಎರಡು ವರ್ಷ ಮುಟ್ಟದೆ ಇಟ್ಟರೆ ಹನ್ನೊಂದೂವರೆ ಲಕ್ಷ. ಎಂ.ಟೆಕ್‌ನಲ್ಲಿ ಸಿಗುವ ಸ್ಟೈಪೆಂಡ್ ತಿಂಗಳಿಗೆ 12,400, ಅದಕ್ಕೂ ವಾರಕ್ಕೆ ಎಂಟು ಗಂಟೆ ಲ್ಯಾಬ್, ಟ್ಯುಟೋರಿಯಲ್ ಕೆಲಸ ಮಾಡಬೇಕು. ಫೀಸು, ಹಾಸ್ಟೆಲ್, ಮೆಸ್ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲ್ಲ. ಹನ್ನೊಂದೂವರೆ ಲಕ್ಷ ಸಣ್ಣ ಮೊತ್ತ ಅಲ್ಲ. ನಿಮ್ಮಂಥ ಮನೆಯಲ್ಲಂತೂ ಅಲ್ಲವೇ ಅಲ್ಲ.

ಹಾಗಿದ್ದೂ ಓದು ಅನ್ನುವುದಕ್ಕೆ ದೊಡ್ಡ ಕಾರಣ ನಿಮ್ಮ ಅಪ್ಪನ ನಿವೃತ್ತಿ. ಮನೆಯವರೆಲ್ಲ ಅದನ್ನೇ ಕೆಲಸಕ್ಕೆ ಸೇರಲು ಕಾರಣ ಮಾಡಿದ್ದಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಈ ಎರಡು ವರ್ಷ ಅಪ್ಪನ ಸಂಬಳ ಬರುತ್ತಿರುತ್ತದೆ. ಅವರು ಮನೆಗೆ ಬರುವ ಹೊತ್ತಿಗೆ ನಿಮ್ಮ ಎಂ.ಟೆಕ್ ಮುಗಿದಿರುತ್ತದೆ. ಈಗ ಕೆಲಸಕ್ಕೆ ಸೇರಿ ಎರಡು ವರ್ಷ ಬಿಟ್ಟು ಓದುತ್ತೇನೆ ಅಂದರೆ, ಆಗ ಮನೆಯಲ್ಲಿ ಸಂಬಳ ತರುವವರು ನೀವೊಬ್ಬರೇ. ತಮ್ಮ ಆಗ ಡಿಗ್ರಿ ಮಧ್ಯದಲ್ಲಿರುತ್ತಾನೆ. ಯಾರು ಬಿಡುತ್ತಾರೆ ನಿಮ್ಮನ್ನು? ನಿಮಗೇ ಮನಸ್ಸು ಬರುವುದಿಲ್ಲ.

ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದಲ್ಲ ಅಂತ ಕೇಳಿದ್ದೀರಿ. ನಡೆಯುತ್ತದೆ, ನಿಜ. ಆದರೆ 78 ಸಾವಿರಕ್ಕೆ ಒಗ್ಗಿದ ಮನೆ 12,400ಕ್ಕೆ ಇಳಿಯುವುದು ತುಂಬಾ ಕಷ್ಟ. ಮೊದಲ ವರ್ಷ ಸ್ಕೂಟರ್ ಕಂತು, ಎರಡನೇ ವರ್ಷ ಊರಿನ ಮನೆಗೆ ಒಂದು ಕೋಣೆ. ಯಾವುದೂ ದುಂದು ಅಲ್ಲ. ಆದರೂ ಆ ಕಂತುಗಳು ಕಾಲು ಕಟ್ಟಿಹಾಕುತ್ತವೆ.

ಸಾಲದ ವಿಷಯಕ್ಕೆ ಬರೋಣ. ಓದಿನ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಮುಂದೆ ಓದುವವರಿಗೆ ಕಂತು ಇನ್ನೂ ಮುಂದೆ ಹಾಕಿಕೊಡಿ ಅಂತ ಬ್ಯಾಂಕನ್ನು ಕೇಳಬಹುದು. ಸೀಟಿನ ಪತ್ರದ ಜೆರಾಕ್ಸ್ ಇಟ್ಟು ಅರ್ಜಿ ಕೊಡಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಆಗಲ್ಲ ಅಂದರೂ, ನಾಲ್ಕೂವರೆ ಲಕ್ಷಕ್ಕೆ ಶೇಕಡ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ 6,000 ಆಸುಪಾಸು. ಬೆಳೆದ ಬಡ್ಡಿ ಸೇರಿದರೆ ಸ್ವಲ್ಪ ಜಾಸ್ತಿ. ಬಿಗಿಯಾಗುತ್ತದೆ, ಆದರೆ ಮನೆ ಮುಳುಗಲ್ಲ.

ಇನ್ನೊಂದು ಮಾತು. ಎಲ್ಲರಿಗೂ ನಾನು ಇದನ್ನೇ ಹೇಳುವುದಿಲ್ಲ. ಸಾಫ್ಟ್‌ವೇರ್ ಮಾಡುವವರಿಗೆ ಬಿ.ಇ. ಸಾಕು, ಎರಡು ವರ್ಷದ ಅನುಭವವೇ ಅಲ್ಲಿ ಜಾಸ್ತಿ ಬೆಲೆಬಾಳುತ್ತದೆ. ಇಂಟರ್ವ್ಯೂಗೆ ಹೆದರಿ ಎಂ.ಟೆಕ್‌ಗೆ ಹೋಗುವವರೂ ಇದ್ದಾರೆ. ಎರಡು ವರ್ಷ ಕಳೆದ ಮೇಲೆ ಅದೇ ಇಂಟರ್ವ್ಯೂ ಎದುರಿಗೆ ನಿಂತಿರುತ್ತದೆ. ಚಿಪ್ ವಿನ್ಯಾಸದ ಕಥೆ ಬೇರೆ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತು. ಆಮೇಲೆ ಆ ಕೆಲಸ ಇಲ್ಲಿ ಬೆಳೆಯುತ್ತಲೇ ಬಂದಿದೆ. ಅಲ್ಲಿ ಎಷ್ಟೋ ಹುದ್ದೆಗೆ ಎಂ.ಟೆಕ್ ಆದವರನ್ನೇ ಮೊದಲು ನೋಡುತ್ತಾರೆ. ಆ ಉದ್ಯಮದಲ್ಲೂ ಏರಿಳಿತ ಇದೆ. ಸೇರುವ ಮೊದಲು ಅದೇ ವಿಭಾಗದ ಒಂದಿಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿ, ಯಾರ್‍ಯಾರು ಎಲ್ಲೆಲ್ಲಿ ಸೇರಿದರು ಅಂತ ಕೇಳಿ.

ನಿಮ್ಮ ಮಾವ ಸರ್ ಸಿ.ವಿ. ರಾಮನ್ ಅವರ ಉದಾಹರಣೆ ಕೊಟ್ಟರಂತೆ, ಕೆಲಸ ಮಾಡುತ್ತಲೇ ಸಂಶೋಧನೆ ಮಾಡಿದರು ಅಂತ. ಹೌದು, 1907ರಲ್ಲಿ ಅವರು ಕಲ್ಕತ್ತದಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿದರು. ಆದರೆ ಆಫೀಸು ಬಿಟ್ಟ ಮೇಲೆ ಹೋಗಿ ಕೂರಲು ಅವರಿಗೆ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಅನ್ನುವ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ ಸಿಕ್ಕಿತ್ತು. 1917ರಲ್ಲಿ ಅವರೂ ಆ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು. ಮಾವನಿಗೆ ಅದನ್ನೂ ಹೇಳಿ.

ಜಾಸ್ತಿ ಓದಿದರೆ ಗಂಡು ಸಿಗುವುದು ಕಷ್ಟ ಅನ್ನುವ ನೆಂಟರ ಮಾತಿಗೆ ಈ ಲೆಕ್ಕದಲ್ಲಿ ಜಾಗವೇ ಬೇಡ. ನಿಮ್ಮ ಓದನ್ನು ಹೊರೆ ಅಂದುಕೊಳ್ಳುವ ಮನೆಗೆ ನೀವು ಹೋಗುವುದೂ ಬೇಡ.

ನಿರ್ಧಾರ ಆದ ದಿನವೇ ಕಂಪನಿಗೆ ಮೇಲ್ ಹಾಕಿ. ಸೇರಿ ಒಂದು ತಿಂಗಳಿಗೆ ಬಿಡುವ ಯೋಚನೆ ಮಾಡಬೇಡಿ, ಜಾಯ್ನಿಂಗ್ ಬೋನಸ್ ವಾಪಸ್ ಕಟ್ಟಬೇಕಾಗಬಹುದು. ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಖುದ್ದಾಗಿ ಕಂಡು ಹೇಳಿ. ಆ ಕೆಲಸ ನಿಮ್ಮ ಜೂನಿಯರ್‌ಗೋ ಗೆಳತಿಗೋ ಸಿಕ್ಕರೆ ಒಳ್ಳೆಯದೇ ಅಲ್ವಾ?

ಮೂರು ಪುಟದಲ್ಲಿ ಅಪ್ಪ ಏನಂದರು ಅಂತ ಎಲ್ಲೂ ಬರೆದಿಲ್ಲ. ಅವರು ದಿನಾ ವೇ ಬಿಲ್ ಬರೆದು, ರೂಪಾಯಿ ಲೆಕ್ಕ ಒಪ್ಪಿಸಿ ಮನೆಗೆ ಬರುವವರು. ಈ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ವಾರದ ರಜೆಯ ದಿನ ಕೂರಿಸಿಕೊಂಡು, ನಿವೃತ್ತಿಯಾದಾಗ ಪಿಎಫ್, ಗ್ರಾಚ್ಯುಟಿ ಎಷ್ಟು ಬರುತ್ತದೆ, ತಮ್ಮನ ಫೀಸಿಗೆ ಎಷ್ಟು ತೆಗೆದಿಡಬೇಕು ಅಂತ ಕೇಳಿ. ಅಮ್ಮನೂ ಜೊತೆಯಲ್ಲಿರಲಿ. ಸೀಟು ಒಪ್ಪಿಕೊಳ್ಳಲು ಕೊನೆಯ ದಿನ ಬರುವ ಮೊದಲೇ ಆ ಮಾತು ಮುಗಿಸಿಕೊಳ್ಳಿ.