ಯೂಟ್ಯೂಬ್ ಓಡುತ್ತಿದ್ದರೂ ವಿಂಡೋಸ್ ‘ನೋ ಇಂಟರ್ನೆಟ್’ ಅಂತ ಯಾಕೆ ತೋರಿಸುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇದು. ಮನೆಯ ಕಂಪ್ಯೂಟರ್, ವಿಂಡೋಸ್ 10. ಕೆಳಗೆ ಗಡಿಯಾರದ ಪಕ್ಕ ವೈಫೈ ಗುರುತು ಇರಬೇಕಾದ ಜಾಗದಲ್ಲಿ ಗೋಳದ ಚಿತ್ರ ಬಂದಿದೆ. ಮೌಸ್ ಇಟ್ಟರೆ ‘ನೋ ಇಂಟರ್ನೆಟ್ ಆಕ್ಸೆಸ್’ ಅನ್ನುತ್ತದೆ. ಆದರೆ ಕ್ರೋಮ್‌ನಲ್ಲಿ ಯೂಟ್ಯೂಬ್ ಸಲೀಸಾಗಿ ಓಡುತ್ತದೆ. ಔಟ್‌ಲುಕ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್ ಮಾತ್ರ ನೆಟ್ ಇಲ್ಲ ಅಂತ ಹಟ ಹಿಡಿದಿವೆ. ಅದೇ ವೈಫೈಯಲ್ಲಿ ಫೋನಿಗೆ ಏನೂ ತೊಂದರೆ ಇಲ್ಲ. ಕೇಳಿದವರೆಲ್ಲ ರೂಟರ್ ಬದಲಾಯಿಸಿ ಅನ್ನುತ್ತಿದ್ದಾರೆ.

ದಯವಿಟ್ಟು ರೂಟರ್‌ಗೆ ದುಡ್ಡು ಹಾಕಬೇಡಿ. ಯೂಟ್ಯೂಬ್ ಓಡುತ್ತಿದೆ ಅಂದರೆ ರೂಟರ್, ಕೇಬಲ್, ನೆಟ್ ಕೊಡುವವರು ಎಲ್ಲವೂ ಸರಿಯಾಗಿಯೇ ಇದ್ದಾರೆ. ತಪ್ಪಾಗಿರುವುದು ಆ ಗುರುತು. ಅದು ಯಾಕೆ ತಪ್ಪುತ್ತದೆ ಅಂತ ಗೊತ್ತಾದರೆ ರಿಪೇರಿ ಅರ್ಧ ಗಂಟೆಯ ಕೆಲಸ.

ಆ ಗುರುತು ನಿಮ್ಮ ನೆಟ್ಟನ್ನು ಪೂರ್ತಿ ಅಳೆದು ನೋಡುವುದಿಲ್ಲ. ವಿಂಡೋಸ್ ಮುಖ್ಯವಾಗಿ ಒಂದು ಸಣ್ಣ ಪರೀಕ್ಷೆ ಮಾಡುತ್ತದೆ, ಅಷ್ಟೇ. ಕಂಪ್ಯೂಟರ್ ನೆಟ್‌ವರ್ಕ್‌ಗೆ ಸೇರಿಕೊಂಡ ತಕ್ಷಣ ಮೈಕ್ರೋಸಾಫ್ಟ್‌ನ ಒಂದು ವಿಳಾಸಕ್ಕೆ ಹೋಗಿ ಪುಟ್ಟ ಫೈಲ್ ಒಂದನ್ನು ಕೇಳುತ್ತದೆ. ವಿಳಾಸ ಎಂಎಸ್‌ಎಫ್‌ಟಿ‌ಕನೆಕ್ಟ್‌ಟೆಸ್ಟ್ ಡಾಟ್ ಕಾಮ್. ಫೈಲ್‌ನಲ್ಲಿ ಇರುವುದು ಮೂರೇ ಪದ: ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’. ಆ ಮೂರು ಪದ ಇದ್ದ ಹಾಗೇ ಬಂದರೆ ನೆಟ್ ಇದೆ ಅಂತ ಲೆಕ್ಕ. ಬರಲೇ ಇಲ್ಲವಾದರೆ ಗೋಳದ ಚಿತ್ರ. ವಿಸ್ಟಾ ಕಾಲದಿಂದಲೂ ಇದೇ ಪದ್ಧತಿ. ಆಗ ವಿಳಾಸವೂ ಫೈಲಿನ ಪದಗಳೂ ಬೇರೆ ಇದ್ದವು, ಗುರುತು ಹಳದಿ ತ್ರಿಕೋನವಾಗಿತ್ತು, ಅಷ್ಟೇ ವ್ಯತ್ಯಾಸ.

ಫೋನ್ ಯಾಕೆ ಸರಿ ಇದೆ ಅಂತ ಕೇಳಿದ್ದೀರಿ. ಆಂಡ್ರಾಯ್ಡ್ ಕೂಡ ಇಂಥದ್ದೇ ಪರೀಕ್ಷೆ ಮಾಡುತ್ತದೆ, ಆದರೆ ಅದು ಹೋಗಿ ಕೇಳುವುದು ಗೂಗಲ್‌ನ ಸರ್ವರ್‌ಗೆ. ಆ ದಾರಿಯಲ್ಲಿ ಅಡ್ಡಿ ಇಲ್ಲ, ಹಾಗಾಗಿ ಫೋನಿಗೆ ತೊಂದರೆ ಇಲ್ಲ. ಕ್ರೋಮ್ ಯಾರನ್ನೂ ಕೇಳಲ್ಲ, ನೇರವಾಗಿ ಸೈಟಿಗೆ ಹೋಗಿ ನೋಡುತ್ತದೆ. ಔಟ್‌ಲುಕ್, ಸ್ಟೋರ್ ಹಾಗಲ್ಲ. ಅವು ಮೊದಲು ವಿಂಡೋಸನ್ನು ‘ನೆಟ್ ಇದೆಯಾ?’ ಅಂತ ಕೇಳುತ್ತವೆ. ಇಲ್ಲ ಅಂದರೆ ಅಲ್ಲಿಗೇ ನಿಲ್ಲುತ್ತವೆ. ಗುರುತು ತಪ್ಪಿದ್ದರೆ ಏನಂತೆ, ಸುಮ್ನೆ ಬಿಟ್ಟುಬಿಡಿ ಅನ್ನುವವರಿಗೆ ನಾನು ಒಪ್ಪದೇ ಇರುವುದು ಇದಕ್ಕೇ. ಆ ತಪ್ಪು ಗುರುತಿನಿಂದ ನಿಜವಾದ ಕೆಲಸ ನಿಂತುಹೋಗುತ್ತದೆ.

ನಮ್ಮ ಮಾವನ ಮನೆಯಲ್ಲಿ ನಡೆದದ್ದು ಹೇಳುತ್ತೇನೆ, ನಿಮ್ಮದೂ ಅದೇ ಇರಬಹುದು. ಅವರು ಸಾಗರದ ಹತ್ತಿರ ಇರುವುದು, ಅಡಿಕೆ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಒಂದು ಅಂಗಡಿಯಿಂದ ಹಳೇ ಕಂಪ್ಯೂಟರ್ ಕೊಂಡುಕೊಂಡರು. ತಂದ ದಿನದಿಂದಲೇ ಗೋಳದ ಚಿತ್ರ. ಜಿಎಸ್‌ಟಿ ಸೈಟ್ ತೆರೆಯುತ್ತದೆ, ಬ್ಯಾಂಕಿನದ್ದೂ ತೆರೆಯುತ್ತದೆ, ಔಟ್‌ಲುಕ್ ಮಾತ್ರ ಸೈನ್ ಇನ್ ಆಗಲ್ಲ. ರಿಪೇರಿಗೆ ಬಂದವರು ಆ ಚಿತ್ರ ನೋಡಿದ್ದೇ ರೂಟರ್ ಹೋಗಿದೆ ಅಂದರು. 1,800 ರೂಪಾಯಿ ಕೊಟ್ಟು ಹೊಸದು ತಂದರು. ಗೋಳ ಹೋಗಲಿಲ್ಲ. ಆಮೇಲೆ ‘ನೆಟ್‌ವರ್ಕ್ ರೀಸೆಟ್’ ಕೂಡ ಮಾಡಿಸಿದರು. ಆಗಲೂ ಹೋಗಲಿಲ್ಲ. ಮಾವ ಬಿಲ್‌ಗಳನ್ನು ಫೋನಿಗೆ ಹಾಕಿಕೊಂಡು ಅಲ್ಲಿಂದ ಮೇಲ್ ಮಾಡುತ್ತಾ ಹದಿನೈದು ದಿನ ಕಳೆದರು. ಅದನ್ನು ಕೇಳಿ ನನಗೆ ತುಂಬಾ ಬೇಜಾರಾಯಿತು.

ಭಾನುವಾರ ಹೋದೆ. ಅಂಗಳದ ತುಂಬಾ ಅಡಿಕೆ ಹರವಿದ್ದರು. ಜಗಲಿಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹೊಡೆದು ಕಮಾಂಡ್ ಪ್ರಾಂಪ್ಟ್ ತೆಗೆದೆ. ಮೊದಲು ಪಿಂಗ್ 8.8.8.8 (ಪಿಂಗ್ ಅಂದರೆ ಒಂದು ವಿಳಾಸದಿಂದ ಉತ್ತರ ಬರುತ್ತದಾ ಅಂತ ಕೇಳಿ ನೋಡುವ ಕಮಾಂಡ್, 8.8.8.8 ಗೂಗಲ್‌ನ ಸರ್ವರ್). ನಾಲ್ಕು ಉತ್ತರ ಬಂದವು, ಒಂದೊಂದಕ್ಕೂ ಸುಮಾರು ಮೂವತ್ತು ಮಿಲಿಸೆಕೆಂಡ್. ನೆಟ್ ಇದೆ, ಅನುಮಾನ ಇಲ್ಲ. ಆಮೇಲೆ ಪಿಂಗ್ ಅಂತ ಬರೆದು, ಜಾಗ ಬಿಟ್ಟು, ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿ ಆ ಕನೆಕ್ಟ್‌ಟೆಸ್ಟ್ ವಿಳಾಸ ಹೊಡೆದೆ. ಆಗಲೂ ನಾಲ್ಕು ಉತ್ತರ ಬಂದವು. ಆದರೆ ಪ್ರತಿಯೊಂದೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ! ಸಾಗರದ ಹಳ್ಳಿಯಿಂದ ಮೈಕ್ರೋಸಾಫ್ಟ್ ಸರ್ವರ್‌ಗೆ ಹೋಗಿ ಬರಲು ಅಷ್ಟು ಹೊತ್ತು ಸಾಲುವುದಿಲ್ಲ. ಉತ್ತರ ಕೊಟ್ಟ ವಿಳಾಸ ನೋಡಿದೆ: 127.0.0.1. ಅದು ಕಂಪ್ಯೂಟರಿನ ಸ್ವಂತ ವಿಳಾಸ. ಅಂದರೆ ಪರೀಕ್ಷೆಯ ಪ್ರಶ್ನೆ ಮನೆಯ ಹೊಸ್ತಿಲೇ ದಾಟಿರಲಿಲ್ಲ.

ಇದು ಹೋಸ್ಟ್ಸ್ ಫೈಲ್‌ನ ಕೆಲಸ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ. ಈ ಕ್ರಮದಲ್ಲಿ ಫೋಲ್ಡರ್‌ಗಳ ಒಳಗೆ ಹೋದರೆ ಹೋಸ್ಟ್ಸ್ ಅನ್ನುವ ಫೈಲ್ ಸಿಗುತ್ತದೆ. ಯಾವ ಹೆಸರಿಗೆ ಯಾವ ನಂಬರ್ ಅಂತ ವಿಂಡೋಸ್ ಮೊದಲು ನೋಡುವುದು ಅಲ್ಲೇ. ಸಾಮಾನ್ಯವಾಗಿ ಅದರಲ್ಲಿ ಇಪ್ಪತ್ತು ಇಪ್ಪತ್ತೈದು ಸಾಲು ಇರುತ್ತವೆ, ಎಲ್ಲದರ ಮುಂದೆ ಹ್ಯಾಶ್ ಗುರುತು ಇರುತ್ತದೆ, ಅಂದರೆ ಲೆಕ್ಕಕ್ಕಿಲ್ಲದ ಸಾಲುಗಳು. ಮಾವನ ಕಂಪ್ಯೂಟರ್‌ನಲ್ಲಿ ಸ್ಕ್ರೋಲ್ ಮಾಡಿದಷ್ಟೂ ಮುಗಿಯಲಿಲ್ಲ. ಎಲ್ಲ ಸಾಲಿನ ಆರಂಭದಲ್ಲೂ 127.0.0.1, ಮುಂದೆ ಮೈಕ್ರೋಸಾಫ್ಟ್‌ನ ಒಂದೊಂದು ವಿಳಾಸ. ಮಧ್ಯದಲ್ಲಿ ನಮ್ಮ ಕನೆಕ್ಟ್‌ಟೆಸ್ಟ್ ಕೂಡ ಇತ್ತು. ‘ವಿಂಡೋಸ್ ನಿಮ್ಮ ಮಾಹಿತಿ ಕದಿಯದಂತೆ ತಡೆಯುತ್ತೇವೆ’ ಅನ್ನುವ ಒಂದು ಉಚಿತ ತಂತ್ರಾಂಶ ಆ ಕಂಪ್ಯೂಟರ್‌ನಲ್ಲಿ ಮೊದಲೇ ಇತ್ತು. ಆ ಸಾಲುಗಳನ್ನೆಲ್ಲ ಬರೆದಿದ್ದು ಅದೇ. ನೆಟ್‌ವರ್ಕ್ ರೀಸೆಟ್ ಈ ಫೈಲನ್ನು ಮುಟ್ಟುವುದಿಲ್ಲ, ಹಾಗಾಗಿ ರೀಸೆಟ್ ಮಾಡಿದರೂ ಪ್ರಯೋಜನವಾಗಲಿಲ್ಲ.

ಮೊದಲು ಆ ತಂತ್ರಾಂಶ ತೆಗೆದೆ. ಇಲ್ಲದಿದ್ದರೆ ಅದು ಮತ್ತೆ ಬರೆದುಬಿಡುತ್ತದೆ. ಆಮೇಲೆ ನೋಟ್‌ಪ್ಯಾಡ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದೆ. ಹಾಗೆ ತೆರೆಯದಿದ್ದರೆ ಬದಲಾವಣೆ ಸೇವ್ ಆಗಲ್ಲ, ಜಾಸ್ತಿ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಓಪನ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಇಲ್ಲವಾದರೆ ಫೋಲ್ಡರ್ ಖಾಲಿ ಇದ್ದ ಹಾಗೆ ಕಾಣುತ್ತದೆ. ಹಳೇ ಫೈಲಿನ ಒಂದು ಪ್ರತಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡು, ಆ ಸಾಲುಗಳನ್ನೆಲ್ಲ ಅಳಿಸಿ ಸೇವ್ ಮಾಡಿದೆ. ವೈಫೈ ಆಫ್ ಮಾಡಿ ಆನ್ ಮಾಡಿದೆ. ಎರಡು ಮೂರು ಉಸಿರು ಬಿಡುವಷ್ಟರಲ್ಲಿ ಗೋಳ ಹೋಗಿ ವೈಫೈ ಗುರುತು ಬಂತು. ಔಟ್‌ಲುಕ್ ಸೈನ್ ಇನ್ ಆಯಿತು. ಮಾವ ಪಕ್ಕದಲ್ಲೇ ನಿಂತಿದ್ದರು, ‘ಇಷ್ಟೇನಾ?’ ಅಂದರು.

ನೀವೂ ಆ ಎರಡು ಪಿಂಗ್‌ನಿಂದಲೇ ಶುರು ಮಾಡಿ. ಎರಡನೆಯದರಲ್ಲಿ 127.0.0.1 ಅಥವಾ 0.0.0.0 ಬಂದರೆ ಹೋಸ್ಟ್ಸ್ ಫೈಲ್ ನೋಡಿ. ಫೈಲ್ ಸ್ವಚ್ಛವಾಗಿದ್ದರೆ ಅಡ್ಡಿ, ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿದೆ. ಜಾಹೀರಾತು ತಡೆಯಲು ಮನೆಯಲ್ಲಿ ಪೈ-ಹೋಲ್ ಥರದ್ದು ಹಾಕಿದ್ದೀರಾ? ಅಥವಾ ರೂಟರ್‌ನಲ್ಲಿ ಮಕ್ಕಳಿಗಾಗಿ ಫಿಲ್ಟರ್ ಇದೆಯಾ? ಅಲ್ಲಿ ಈ ವಿಳಾಸಕ್ಕೆ ಅನುಮತಿ ಕೊಡಿ. ಒಂದು ಎಚ್ಚರಿಕೆ: ಬ್ರೌಸರ್‌ನಲ್ಲಿ ಆ ವಿಳಾಸ ತೆರೆಯಿತು ಅಂತ ಸಮಾಧಾನ ಪಡಬೇಡಿ. ಬ್ರೌಸರ್‌ನಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಆನ್ ಇದ್ದರೆ ಅದು ನಿಮ್ಮ ರೂಟರ್ ಹೇಳಿದ್ದನ್ನು ಕೇಳದೆ ತನ್ನದೇ ದಾರಿಯಲ್ಲಿ ಹೋಗುತ್ತದೆ. ವಿಂಡೋಸ್ ಪರೀಕ್ಷೆಗೆ ಆ ದಾರಿ ಇಲ್ಲ.

ಪಿಂಗ್‌ನಲ್ಲಿ ಬೇರೆ ಯಾವುದೋ ಐಪಿ ವಿಳಾಸ ಬಂದು, ಆದರೂ ಗೋಳ ಹೋಗದಿದ್ದರೆ ಪ್ರಾಕ್ಸಿ (ನೆಟ್ಟಿಗೆ ಹೋಗುವಾಗ ಮಧ್ಯೆ ನಿಲ್ಲುವ ಸರ್ವರ್) ಮತ್ತು ವಿಪಿಎನ್ (ನೆಟ್ಟನ್ನು ಬೇರೆ ಸರ್ವರ್ ಮೂಲಕ ಗುಟ್ಟಾಗಿ ಸಾಗಿಸುವ ದಾರಿ) ನೋಡಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ. ಅಲ್ಲಿ ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆನ್ ಇದ್ದು, ಯಾಕಿದೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಆಫ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಮುಟ್ಟಬೇಡಿ, ಅವರ ಐಟಿಯವರನ್ನು ಕೇಳಿ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾಗಿ ಎಲ್ಲರೂ ಮನೆಯಿಂದ ವಿಪಿಎನ್ ಹಾಕಿಕೊಂಡು ಕೆಲಸ ಮಾಡುವ ಹೊತ್ತಿಗೆ, ವಿಂಡೋಸ್ 10ರಲ್ಲೇ ಒಂದು ದೋಷ ಬಂದಿತ್ತು. ಪ್ರಾಕ್ಸಿ, ಅದರಲ್ಲೂ ವಿಪಿಎನ್ ಜೊತೆ ಪ್ರಾಕ್ಸಿ ಇದ್ದವರಿಗೆ ನೆಟ್ ಇದ್ದರೂ ಇಲ್ಲ ಅಂತ ತೋರಿಸುತ್ತಿತ್ತು. ಮಾರ್ಚ್ 30ರಂದು ಮೈಕ್ರೋಸಾಫ್ಟ್ ಮಾಮೂಲಿ ಅಪ್‌ಡೇಟ್ ದಿನಕ್ಕೆ ಕಾಯದೆ ಅದಕ್ಕಾಗಿಯೇ ಒಂದು ತಿದ್ದುಪಡಿ ಬಿಟ್ಟಿತು. ಹಾಗಾಗಿ ಅಪ್‌ಡೇಟ್ ಮಾಡದೇ ಬಿಟ್ಟ ಹಳೇ ಕಂಪ್ಯೂಟರ್ ಆಗಿದ್ದರೆ ಮೊದಲು ಅಪ್‌ಡೇಟ್ ಮಾಡಿ ನೋಡಿ.

ಹುಡುಕಿದರೆ ಇನ್ನೊಂದು ಸಲಹೆ ಎಲ್ಲ ಕಡೆ ಸಿಗುತ್ತದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಹೋಗಿ ‘ಎನೇಬಲ್ ಆಕ್ಟಿವ್ ಪ್ರೋಬಿಂಗ್’ ಅನ್ನುವುದನ್ನು 0 ಮಾಡಿ ಅಂತ. ಅದು ಆ ಪರೀಕ್ಷೆಯನ್ನೇ ನಿಲ್ಲಿಸುವ ಉಪಾಯ. ಗಡಿಯಾರ ತಪ್ಪು ತೋರಿಸುತ್ತದೆ ಅಂತ ಮುಳ್ಳು ಕಿತ್ತ ಹಾಗೆ. ಮಾಡಬೇಡಿ. ಯಾರಾದರೂ ಮೊದಲೇ 0 ಮಾಡಿದ್ದರೆ ವಾಪಸ್ 1 ಮಾಡಿ. ಆ ಪರೀಕ್ಷೆಯಿಂದ ಉಪಯೋಗ ಇದೆ. ರೈಲ್ವೆ ಸ್ಟೇಷನ್ ವೈಫೈಗೆ ಸೇರಿಕೊಂಡಾಗ ಲಾಗಿನ್ ಪುಟ ತಾನಾಗಿ ತೆರೆಯುತ್ತದಲ್ವಾ? ಮೂರು ಪದದ ಬದಲು ಬೇರೆ ಪುಟ ಬಂತು ಅಂತ ವಿಂಡೋಸ್ ಗುರುತಿಸುವುದರಿಂದಲೇ ಅದು ತೆರೆಯುವುದು. ನೆಟ್ ಪ್ಯಾಕ್ ಮುಗಿದಾಗ ಕೆಲವರಿಗೆ ರೀಚಾರ್ಜ್ ಪುಟ ಎದ್ದು ಬರುವುದೂ ಹೀಗೆಯೇ.

ಇದರ ಉಲ್ಟಾ ಕೂಡ ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ವೈಫೈ ಹೆಸರುಗಳ ಪಟ್ಟಿಯಲ್ಲಿ ಗೆರೆಗಳು ಪೂರ್ತಿ ಇವೆ, ಏನೂ ತೆರೆಯಲ್ಲ. ಆ ಗೆರೆಗಳು ಹೇಳುವುದು ರೂಟರ್ ಎಷ್ಟು ಚೆನ್ನಾಗಿ ಸಿಗುತ್ತಿದೆ ಅನ್ನುವುದನ್ನು ಮಾತ್ರ. ರೂಟರ್‌ನಿಂದ ಆಚೆ ಏನಿದೆ ಅಂತ ಅವಕ್ಕೆ ಗೊತ್ತಿಲ್ಲ. ‘ಸೆಕ್ಯೂರ್ಡ್’ ಅನ್ನುವ ಪದವೂ ಅಷ್ಟೇ, ವೈಫೈಗೆ ಪಾಸ್‌ವರ್ಡ್ ರಕ್ಷಣೆ ಇದೆ ಅಂತ ಅರ್ಥ. ಹೀಗಾದಾಗ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಅನ್ನುವ ಕಡೆ ಕೆಂಪು ದೀಪ ಇದೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ಫೈಬರ್ ಕಡಿದಿರುತ್ತದೆ ಅಥವಾ ಬಾಗಿರುತ್ತದೆ, ದೂರು ಕೊಡಿ. ದೀಪ ಸರಿ ಇದ್ದು ಕಂಪ್ಯೂಟರ್‌ನ ಐಪಿ ವಿಳಾಸ 169.254 ರಿಂದ ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನೆಟ್‌ವರ್ಕ್ ರೀಸೆಟ್ ಕೊನೆಗೆ ಇಟ್ಟುಕೊಳ್ಳಿ. ಅದು ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಮರೆತುಬಿಡುತ್ತದೆ, ವಿಪಿಎನ್ ಇದ್ದರೆ ಮತ್ತೆ ಹಾಕಬೇಕಾಗಬಹುದು. ಪಾಸ್‌ವರ್ಡ್ ಬರೆದಿಟ್ಟುಕೊಂಡೇ ಮಾಡಿ.

ಇವತ್ತು ಸಂಜೆ ಆ ಎರಡು ಪಿಂಗ್ ಹಾಕಿ ನೋಡಿ. ಎರಡನೆಯದರಲ್ಲಿ ಯಾವ ನಂಬರ್ ಬಂತು, ಎಷ್ಟು ಮಿಲಿಸೆಕೆಂಡ್ ಅಂತ ಇಲ್ಲೇ ಬರೆಯಿರಿ. ಅಲ್ಲಿಂದ ಮುಂದಿನದ್ದು ನಾನು ಹೇಳುತ್ತೇನೆ.