‘ಯಾರಿಗೂ ಹೇಳಬೇಡಿ’ ಅಂದವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು ನಿವೃತ್ತ ಹೈಸ್ಕೂಲ್ ಟೀಚರ್. ವಯಸ್ಸು ಅರವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಫೋನ್ ರಿಂಗ್ ಆದರೆ ಕೈ ನಡುಗುತ್ತದೆ ಅಂತ ಮಗಳು ಕರೆದುಕೊಂಡು ಬಂದಿದ್ದಳು. ದುಡ್ಡು ಹೋದದ್ದು ಮಗಳಿಗೆ ಗೊತ್ತಾಗಿದ್ದೇ ಹಿಂದಿನ ದಿನ.

ಆದದ್ದು ‘ಡಿಜಿಟಲ್ ಅರೆಸ್ಟ್’. ಮುಂಬೈ ಪೊಲೀಸ್ ಅಂತ ವಿಡಿಯೊ ಕಾಲ್. ನಿಮ್ಮ ಆಧಾರ್ ಮೇಲೆ ತೆಗೆದ ಸಿಮ್ ಬಳಸಿ ಅಕ್ರಮ ಹಣ ಸಾಗಿಸಿದ್ದಾರೆ ಎಂಬ ಆರೋಪ. ಖಾಕಿ ಹಾಕಿದವನೊಬ್ಬ, ಅವನ ಹಿಂದೆ ಲಾಂಛನ, ವಾಟ್ಸ್ಆ್ಯಪ್‌ಗೆ ಸುಪ್ರೀಂ ಕೋರ್ಟ್ ಮೊಹರಿನ ಕಾಗದ. ಟೀಚರ್ ಫೋನನ್ನು ಅಡುಗೆಮನೆಯ ಸಕ್ಕರೆ ಡಬ್ಬಿಗೆ ಒರಗಿಸಿ, ಚಾರ್ಜರ್ ಚುಚ್ಚಿ, ಎರಡು ದಿನ ಕ್ಯಾಮೆರಾ ಎದುರೇ ಇದ್ದರು. ಬಚ್ಚಲಿಗೆ ಹೋಗಲೂ ‘ಸರ್, ಹೋಗಿ ಬರ್ಲಾ?’ ಅಂತ ಕೇಳಬೇಕು. ಪಕ್ಕದ ಮನೆಯಾಕೆ ಕರಿಬೇವಿಗೆ ಬಂದಾಗ ‘ಜ್ವರ’ ಅಂತ ಕಿಟಕಿಯಿಂದಲೇ ಸಾಗಹಾಕಿದರು. ಮೂರನೇ ದಿನ ಎಫ್‌ಡಿ ಮುರಿಸಿ 11 ಲಕ್ಷ ಕಳಿಸಿದರು. ಬ್ಯಾಂಕಿನವರು ‘ಯಾಕಮ್ಮ ಇಷ್ಟೊಂದು?’ ಅಂತ ಕೇಳಿದ್ದಾರೆ. ‘ಮಗಳ ಸೈಟಿಗೆ’ ಅಂದರು. ಆ ಉತ್ತರವನ್ನೂ ಮೋಸಗಾರರೇ ಹೇಳಿಕೊಟ್ಟಿದ್ದರು.

‘ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇಷ್ಟೂ ಗೊತ್ತಾಗ್ಲಿಲ್ವಾ?’ ತಿರುಗಿ ತಿರುಗಿ ಇದೇ ಮಾತು. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಬೈದಿದ್ದೂ ಇದನ್ನೇ ಹಿಡಿದು.

ಸುಮ್ನೆ ಸಮಾಧಾನ ಹೇಳಲು ನನಗೆ ಇಷ್ಟವಿರಲಿಲ್ಲ. 2024ರಲ್ಲಿ ಲೂಧಿಯಾನದ ದೊಡ್ಡ ಉದ್ಯಮಿಯೊಬ್ಬರು ನಕಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಕೂತು 7 ಕೋಟಿ ಕಳೆದುಕೊಂಡದ್ದನ್ನು ಹೇಳಿದೆ. ಅಂಥವರಿಗೆ ವಕೀಲರ ಕೊರತೆಯೇ? ಓದು, ಬುದ್ಧಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಮೋಸ ನಿಂತಿರುವುದೇ ‘ಯಾರಿಗೂ ಹೇಳಬೇಡಿ’ ಎಂಬ ಮಾತಿನ ಮೇಲೆ. ಖಾಕಿ, ಮೊಹರು ಎಲ್ಲ ಬರೀ ಅಲಂಕಾರ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಬಂಧಿಸಬೇಕಾದರೆ ಪೊಲೀಸರು ಎದುರಿಗೇ ಬರಬೇಕು. ತನಿಖೆ ಹೆಸರಿನಲ್ಲಿ ನಿಮ್ಮ ಉಳಿತಾಯ ಹಾಕಿಸಿಕೊಳ್ಳುವ ಖಾತೆ ಯಾವ ಪೊಲೀಸರ ಬಳಿಯೂ ಇಲ್ಲ.

ನಾಚಿಕೆಯಿಂದ ಟೀಚರ್ ಇನ್ನೂ ದೂರು ಕೊಟ್ಟಿರಲಿಲ್ಲ. ವಾರ ಕಳೆದಿತ್ತು. ಅಲ್ಲೇ ಕೂತು ಮಗಳ ಕೈಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಮೊದಲ ಒಂದೆರಡು ಗಂಟೆಯಲ್ಲೇ ತಿಳಿಸಿದರೆ, ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ಇವರದರಲ್ಲಿ ಸ್ವಲ್ಪ ಮಾತ್ರ ಹೋಲ್ಡ್ ಆಗಿದೆ. ಉಳಿದದ್ದು ಬರುತ್ತದೆ ಅಂತ ನಾನು ಆಸೆ ಹುಟ್ಟಿಸಲಿಲ್ಲ.

ಮಗಳಿಗೆ ಬೇರೆಯಾಗಿ ಹೇಳಿದ್ದು ಇದು: ಎಟಿಎಂ ಕಾರ್ಡ್, ಫೋನ್ ಕಿತ್ತುಕೊಳ್ಳಬೇಡಿ. ಬೈದರೆ ಮುಂದಿನ ಸಲ ಮೊದಲು ನಿಮ್ಮಿಂದಲೇ ಮುಚ್ಚಿಡುತ್ತಾರೆ. ಬದಲಿಗೆ ಇಬ್ಬರೂ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಇಂತಿಷ್ಟಕ್ಕಿಂತ ದೊಡ್ಡ ಮೊತ್ತವಾದರೆ ಮೊದಲು ಮಗಳಿಗೆ ಒಂದು ಫೋನ್. ಮೊತ್ತ ಎಷ್ಟು ಅಂತ ಟೀಚರೇ ಗೊತ್ತು ಮಾಡಿದರು. ಆನ್‌ಲೈನ್ ವರ್ಗಾವಣೆಯ ಮಿತಿಯನ್ನೂ ತಾವೇ ಬ್ಯಾಂಕಿಗೆ ಹೋಗಿ ಇಳಿಸಿ ಬಂದರು.

ಒಮ್ಮೆ ಮೋಸ ಹೋದವರ ನಂಬರು ಇನ್ನೊಬ್ಬರ ಕೈ ಸೇರುವುದುಂಟು, ಹಣ ವಾಪಸ್ ಕೊಡಿಸುತ್ತೇವೆ ಅಂತ ಕರೆ ಬಂದೀತು ಎಂದು ಎಚ್ಚರಿಸಿದ್ದೆ. ಬಂತು. ‘ಸೈಬರ್ ವಕೀಲ’ನಂತೆ, 15 ಸಾವಿರ ಫೀಸು ಮೊದಲೇ ಕಟ್ಟಬೇಕಂತೆ. ‘ಮಗಳನ್ನು ಕೇಳಿ ಹೇಳ್ತೀನಿ’ ಅಂತ ಟೀಚರ್ ಇಟ್ಟುಬಿಟ್ಟರು.

ನಿದ್ದೆ ಸ್ವಲ್ಪ ಸುಧಾರಿಸಿದೆ. ಮಗ ಮಾತ್ರ ಇನ್ನೂ ದುಡ್ಡಿನ ಮಾತು ಎತ್ತುತ್ತಾನೆ, ಅವನನ್ನೂ ಮುಂದಿನ ಭೇಟಿಗೆ ಸೇರಿಸಬೇಕು. ವಿಡಿಯೊ ಕಾಲ್ ಬೇಡ, ಮಾಮೂಲಿ ಕರೆ ಸಾಕು ಅಂದಿದ್ದಾರೆ ಟೀಚರ್. ಹಾಗೇ ಮಾಡೋಣ ಅಂದಿದ್ದೇನೆ.